ಬಣ್ಣ ಕೇಳಬೇಡಿ, ಜಾಗ ಕೇಳಿ: ಒಂದು ಬಿಜೆನ್ ಹೂದಾನಿಗೆ ಹನ್ನೊಂದು ತಿಂಗಳು

ಬಿಜೆನ್ ಎಂದರೆ ಜಪಾನಿನ ಒಂದು ಬಗೆಯ ಸುಟ್ಟ ಮಣ್ಣಿನ ಪಾತ್ರೆ. ಅಲ್ಲಿನ ಒಬ್ಬ ಕುಂಬಾರರಿಗೆ ಜನವರಿಯಲ್ಲಿ ಹೇಳಿಬಂದ ಬಿಜೆನ್ ಹೂದಾನಿ ಡಿಸೆಂಬರಿನಲ್ಲಿ ಕೈಗೆ ಬಂತು. ಎತ್ತರ 25 ಸೆಂಟಿಮೀಟರ್, ತೂಕ ಎರಡು ಕಿಲೊಗೆ ಸ್ವಲ್ಪ ಕಡಿಮೆ, ಕುತ್ತಿಗೆಯ ಎರಡು ಬದಿಗೆ ಎರಡು ಪುಟ್ಟ ಕಿವಿ. ಇಂಥದ್ದನ್ನು ಜಪಾನಿನಲ್ಲಿ ‘ಮಿಮಿತ್ಸುಕಿ ಹನಾಇರೆ’ ಅನ್ನುತ್ತಾರೆ, ಕಿವಿಯುಳ್ಳ ಹೂದಾನಿ. ಇಷ್ಟು ಸಣ್ಣ ವಸ್ತುವಿಗೆ ಅಷ್ಟು ಕಾಲ ಏಕೆ ಹಿಡಿಯಿತು, ಯಾವ ಹಂತದಲ್ಲಿ ಏನು ಕೇಳಬೇಕಿತ್ತು, ಏನು ಕೇಳಬಾರದಿತ್ತು ಎಂಬುದು ಮೊದಲೇ ಗೊತ್ತಿದ್ದರೆ ಅರ್ಧ ತಳಮಳ ತಪ್ಪುತ್ತಿತ್ತು. ಜಪಾನಿನಲ್ಲಿರುವ, ಇಲ್ಲವೇ ಹೋಗಿಬರುವ ನಮ್ಮವರಿಗೆ ಉಪಯೋಗಕ್ಕೆ ಬರಲಿ ಎಂದು ನೆನಪು ಹಸಿಯಾಗಿರುವಾಗಲೇ ಬರೆದಿಟ್ಟಿದ್ದೇನೆ.

ಬಿಜೆನ್ ಪಾತ್ರೆಗಳ ಊರು ಇಂಬೆ. ಪಶ್ಚಿಮ ಜಪಾನಿನ ಒಕಾಯಾಮಾ ನಿಲ್ದಾಣದಿಂದ ಅಕೋ ಮಾರ್ಗದ ಲೋಕಲ್ ರೈಲಿನಲ್ಲಿ ಸುಮಾರು ನಲವತ್ತು ನಿಮಿಷ. ರೈಲು ಹೆಚ್ಚುಕಡಿಮೆ ಗಂಟೆಗೊಂದು. ಒಂದು ತಪ್ಪಿದರೆ ಚಳಿಯಲ್ಲಿ ಕೂತಿರಬೇಕು. ಇಳಿದ ಕೂಡಲೇ ಹೆಂಚಿನ ಮಾಡುಗಳ ನಡುವೆ ಇಟ್ಟಿಗೆಯ ಚಿಮಣಿಗಳು ಕಾಣುತ್ತವೆ. ಅಂಗಡಿ ಬೀದಿಗೆ ನುಗ್ಗುವ ಮುಂಚೆ ನಿಲ್ದಾಣದ ಕಟ್ಟಡದ ಮೇಲಂತಸ್ತಿಗೆ ಹೋಗಿ. ಅಲ್ಲಿನ ಸಾಂಪ್ರದಾಯಿಕ ಉದ್ಯಮ ಭವನದಲ್ಲಿ ಹತ್ತಾರು ಕುಂಬಾರರ ಕೆಲಸ ಬೆಲೆಚೀಟಿ ಸಮೇತ ಅಕ್ಕಪಕ್ಕ ಇರುತ್ತದೆ. ಒಂದು ಗಂಟೆ ಸುತ್ತಿ, ಕಣ್ಣು ಮತ್ತೆ ಮತ್ತೆ ಎಲ್ಲಿ ನಿಲ್ಲುತ್ತದೋ ಆ ಹೆಸರುಗಳನ್ನು ಬರೆದುಕೊಳ್ಳುವುದು ವಾಸಿ. ಬೀದಿಯ ಎಷ್ಟೋ ಅಂಗಡಿಗಳಲ್ಲಿ ಒಂದೇ ಮನೆಯ ಮಾಲು ಇರುವುದರಿಂದ ಹೋಲಿಸಲು ಆಗುವುದಿಲ್ಲ.

ಬೆಲೆಯಲ್ಲಿ ಹೆಸರಿನ ಪಾಲು ದೊಡ್ಡದು. ಹಿಂದೆ ಇಲ್ಲಿ ಹೆಸರಿಗಿಂತ ಆವಿಗೆಯ ಗುರುತಿಗೇ ಬೆಲೆ. 20ನೇ ಶತಮಾನದಲ್ಲಿ ಅದು ಬದಲಾಯಿತು. ಬೇಡಿಕೆ ಕುಗ್ಗಿ, ಅಲಂಕಾರದ ಬೊಂಬೆಗಳಿಗೆ ಇಳಿದಿದ್ದ ಊರಿನಲ್ಲಿ ಕನೆಶಿಗೆ ತೊಯೊ (1896–1967) ನಾನೂರು ವರ್ಷ ಹಿಂದಿನ ಮೊಮೊಯಾಮಾ ಕಾಲದ ಚಹಾ ಪಾತ್ರೆಗಳ ಮಣ್ಣು, ಉರಿ ಎರಡನ್ನೂ ಹುಡುಕಿ ಮತ್ತೆ ಕಟ್ಟಿದರು. 1956ರಲ್ಲಿ ಅವರನ್ನು ‘ಜೀವಂತ ರಾಷ್ಟ್ರೀಯ ನಿಧಿ’ ಎಂದು ಸರ್ಕಾರ ಗುರುತಿಸಿತು. ಆಮೇಲೆ ಫುಜಿವಾರಾ ಕೆಯ್ (1970), ಯಾಮಾಮೊತೊ ತೋಶು (1987), ಫುಜಿವಾರಾ ಯು (1996), ಇಸೆಜಾಕಿ ಜುನ್ (2004), ಹೀಗೆ ಒಂದೇ ಸಣ್ಣ ಊರಿನ ಸುತ್ತ ಐದು ಮಂದಿಗೆ ಆ ಗೌರವ ಬಂತು. ಇವರ ಹೂದಾನಿಗಳ ಬೆಲೆ ಕಾರಿನ ಬೆಲೆಯ ಕಡೆಗೆ ಹೋಗುತ್ತದೆ. ಅವರ ಕೈಕೆಳಗೆ ಕಲಿತವರು, ಕಲಿತವರ ಮಕ್ಕಳು ಇಂದು ಅದೇ ಮಣ್ಣಿನಲ್ಲಿ, ಅದೇ ಸೌದೆಯಲ್ಲಿ ಮಾಡುವುದು ಸಂಬಳದವರ ಕೈಗೂ ಎಟಕುತ್ತದೆ. ನಾನು ಹಿಡಿದದ್ದು ಅಂಥ ಒಬ್ಬರನ್ನು. ಹೆಸರು ಇಲ್ಲಿ ಬೇಡ, ವರ್ಷಕ್ಕೆ ಒಂದೇ ಆವಿಗೆ ಸುಡುವವರು ಎಂದರೆ ಸಾಕು.

ಮೊದಲ ಭೇಟಿಯಲ್ಲೇ ತಪ್ಪು ಮಾಡಿದ್ದಾಯಿತು. ಫೋನಿನಲ್ಲಿದ್ದ ಚಿತ್ರ ತೋರಿಸಿ, “ಈ ಕೆಂಪು ಗೆರೆ, ಮೇಲೆ ಈ ಹಳದಿ ಬೂದಿ, ಎರಡೂ ಇರುವಂಥದ್ದು” ಎಂದೆ. ಸೆನ್ಸೇ (ಕುಂಬಾರರನ್ನು ಎಲ್ಲರೂ ಹಾಗೇ ಕರೆಯುವುದು) ನಕ್ಕು ಚಹಾ ಬಗ್ಗಿಸಿದರು. ಬಿಜೆನ್ ಪಾತ್ರೆಗೆ ಮೆರುಗು (ಗಾಜಿನಂಥ ಲೇಪ) ಬಳಿಯುವುದಿಲ್ಲ, ಬಣ್ಣ ಹಚ್ಚುವುದಿಲ್ಲ. ಬಣ್ಣವೆಲ್ಲ ಆವಿಗೆಯಲ್ಲಿ ಆ ಪಾತ್ರೆ ಕೂತ ಜಾಗದಿಂದ ಬರುವುದು. ಉರಿಗೆ ಎದುರಾಗಿ ಕೂತದ್ದರ ಹೆಗಲಿಗೆ ಪೈನ್ ಸೌದೆಯ ಬೂದಿ ಹಾರಿ ಬಿದ್ದು, ಕರಗಿ, ಎಳ್ಳು ಚೆಲ್ಲಿದಂತೆ ಆಗುತ್ತದೆ. ಹೆಸರೂ ಅದೇ, ‘ಗೋಮಾ’, ಎಳ್ಳು. ನೆಲದಲ್ಲಿ ಕೆಂಡಬೂದಿಯೊಳಗೆ ಹೂತುಹೋದದ್ದಕ್ಕೆ ಗಾಳಿ ಸಿಗದೆ, ಮಣ್ಣಿನ ಕಬ್ಬಿಣ ಬೇರೆ ರೂಪ ತಾಳಿ ಬೂದು, ನೀಲಿ, ಕಪ್ಪು ಬೆರೆಯುತ್ತದೆ, ಇದು ‘ಸಂಗಿರಿ’. ಭತ್ತದ ಹುಲ್ಲು ಸುತ್ತಿ, ಬೂದಿ ತಾಕದಂತೆ ಮುಚ್ಚಿಟ್ಟು ಸುಟ್ಟರೆ ಹುಲ್ಲಿನ ಪೊಟ್ಯಾಸಿಯಂ ಮಣ್ಣಿನೊಡನೆ ಕೂಡಿ ಕೆಂಪು ಗೆರೆ ಮೂಡುತ್ತದೆ, ಅದು ‘ಹಿದಾಸುಕಿ’. ಮೇಲೆ ಇನ್ನೊಂದು ಪಾತ್ರೆಯನ್ನೋ ಬಿಲ್ಲೆಯನ್ನೋ ಇಟ್ಟಿದ್ದರೆ ಆ ಜಾಗ ದುಂಡಗೆ ಬೋಳಾಗಿ ಉಳಿಯುತ್ತದೆ, ‘ಬೋತಮೋಚಿ’. ಬೂದಿ ಬೇಕಾದದ್ದು ಉರಿಯ ಮುಂದಿರಬೇಕು, ಹುಲ್ಲಿನ ಗೆರೆ ಬೇಕಾದದ್ದು ಬೂದಿಯಿಂದ ಅಡಗಿರಬೇಕು. ಒಂದೇ ಹೂದಾನಿಗೆ ಎರಡನ್ನೂ ಕೇಳುವುದು ಒಬ್ಬನನ್ನೇ ಬಿಸಿಲಲ್ಲೂ ನೆರಳಲ್ಲೂ ಕೂರು ಎಂದಂತೆ.

ಹಾಗಾದರೆ ಕೇಳಬಹುದಾದ್ದೇನು? ಆಕಾರ, ಎತ್ತರ, ಬಾಯಿಯ ಅಗಲ, ಮತ್ತು ಜಾಗ. ಜಾಗಕ್ಕೂ ಅವರು ಮಾತು ಕೊಡುವುದಿಲ್ಲ, ಪ್ರಯತ್ನ ಮಾಡುತ್ತೇನೆ ಅನ್ನುತ್ತಾರೆ. ನಮ್ಮ ಒಪ್ಪಂದ ಹೀಗಾಯಿತು: ಅದೇ ಆಕಾರದ ಮೂರು ಹೂದಾನಿ ಮಾಡಿ ಮೂರು ಕಡೆ ಇಡುವುದು, ತೆಗೆದ ಮೇಲೆ ನಾನು ಒಂದನ್ನು ಆರಿಸುವುದು, ಉಳಿದವು ಅವರ ಅಂಗಡಿಗೆ. ಮುಂಗಡ ಬೇಡವೆಂದರು. ಮೂರೂ ಕೆಟ್ಟರೆ ಮುಂದಿನ ವರ್ಷ. ಮುಂಗಡ ಪೂರ್ತಿ ಕೇಳುವ ಕಡೆ ಈ ಕೊನೆಯ ಮಾತನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಅವರು ನನ್ನನ್ನು ಕೇಳಿದ್ದು ಬೇರೆಯೇ: ಹೂದಾನಿಯನ್ನು ಗೋಡೆಗೆ ಇಡುತ್ತೀರೋ, ಮೇಜಿನ ನಡುವೆಯೋ? ಬೂದಿ ಒಂದೇ ಬದಿಗೆ ಬೀಳುವುದರಿಂದ ಇಲ್ಲಿನ ಹೂದಾನಿಗೆ ಮುಖ, ಬೆನ್ನು ಎಂದಿರುತ್ತದೆ. ಸುತ್ತಲಿಂದ ನೋಡುವ ಜಾಗಕ್ಕಾದರೆ ಇಡುವ ಲೆಕ್ಕವೇ ಬದಲಾಗುತ್ತದೆಯಂತೆ.

ಮಣ್ಣಿನ ವಿಷಯವನ್ನು ಸ್ವಲ್ಪ ಹೇಳದೆ ಹೋದರೆ ಬೆಲೆ ಅರ್ಥವಾಗುವುದಿಲ್ಲ. ‘ಹಿಯೋಸೆ’ ಎಂಬ ಈ ಜೇಡಿ ಸಿಗುವುದು ಇಂಬೆ ಸುತ್ತಲಿನ ಗದ್ದೆಗಳ ಅಡಿಯಲ್ಲಿ, ಕೆಲವು ಮೀಟರ್ ಕೆಳಗೆ. ಕುಯ್ಲಾದ ಮೇಲೆ ಚಳಿಗಾಲದಲ್ಲಿ ಅಗೆದು, ಗದ್ದೆಯನ್ನು ಮತ್ತೆ ಮುಚ್ಚಿಕೊಡಬೇಕು. ಕಪ್ಪಗೆ, ಬೆಣ್ಣೆಯಷ್ಟು ನುಣುಪು, ಕೊಳೆತ ಎಲೆಬೇರುಗಳ ಅಂಶ ಜಾಸ್ತಿ, ಕಬ್ಬಿಣವೂ ಇದೆ. ತಂದದ್ದನ್ನು ವರ್ಷಗಟ್ಟಲೆ ಬಿಸಿಲು ಮಳೆಗೆ ಬಿಟ್ಟು, ಕಲ್ಲು ಬೇರು ಆಯ್ದು, ನೀರಲ್ಲಿ ಕದಡಿ, ಮತ್ತೆ ಹದಕ್ಕೆ ಇಡುತ್ತಾರೆ. ತಿಗರಿಯ ಮೇಲೆ ಚೆನ್ನಾಗಿ ಏಳುತ್ತದೆ, ಆದರೆ ಒಣಗಿ ಸುಡುವಷ್ಟರಲ್ಲಿ ವಿಪರೀತ ಕುಗ್ಗುತ್ತದೆ. ನನ್ನ 25 ಸೆಂಟಿಮೀಟರ್ ಹೂದಾನಿಯನ್ನು ತಿಗರಿಯಿಂದ ಇಳಿಸಿದಾಗ ಅದರ ಎತ್ತರ 30. ಅಳತೆ ಹೇಳುವಾಗ ಸುಟ್ಟ ಮೇಲಿನ ಅಳತೆ ಎಂದೇ ಹೇಳಿ, ಅರ್ಧ ಸೆಂಟಿಮೀಟರ್ ಆಚೀಚೆಗೆ ಒಪ್ಪಿಕೊಳ್ಳಿ.

ಮಾರ್ಚ್‌ನಲ್ಲಿ ಮೂರೂ ತಿಗರಿಯಿಂದ ಇಳಿದವು. ಮೈ ಕೊಂಚ ಗಟ್ಟಿಯಾದಾಗ ಕಿವಿ ಅಂಟಿಸಿ, ತಳಕ್ಕೆ ಅವರ ಗುರುತು ಕೊರೆದು, ಗಾಳಿ ನೇರ ಬೀಸದ ಕಡೆ ಒಣಗಲು ಇಟ್ಟರು. ಕಿವಿ ಮತ್ತು ಮೈ ಬೇರೆ ಬೇರೆ ವೇಗದಲ್ಲಿ ಒಣಗಿದರೆ ಅಂಟಿನ ಬುಡದಲ್ಲಿ ಬಿರುಕು ಬಿಡುತ್ತದೆ, ಆದ್ದರಿಂದ ಮೊದಲ ವಾರ ಕಿವಿಗಳಿಗೆ ಪ್ಲಾಸ್ಟಿಕ್ ಹೊದಿಕೆ. ಇಲ್ಲಿಂದ ಸೆಪ್ಟೆಂಬರ್ ಕೊನೆಯವರೆಗೆ ಏನೂ ಆಗುವುದಿಲ್ಲ. ಹೊಸಬರು ಕೈಕೈ ಹಿಸುಕಿಕೊಳ್ಳುವುದು ಈ ಆರು ತಿಂಗಳಲ್ಲೇ. ಕಾರಣ ಸರಳ: ಆವಿಗೆ ತುಂಬಬೇಕು. ಇಳಿಜಾರಿನಲ್ಲಿ ಕೋಣೆಯ ಮೇಲೆ ಕೋಣೆಯಾಗಿ ಏರುವ ನೊಬೊರಿಗಾಮಾ ಅದು. ಅರ್ಧ ತುಂಬಿ ಸುಟ್ಟರೆ ಸೌದೆಯ ದುಡ್ಡೂ ಹುಟ್ಟುವುದಿಲ್ಲ. ತಿಂಗಳಿಗೊಮ್ಮೆ ಫೋನು ಮಾಡಿ ವಿಚಾರಿಸುವುದರಿಂದ ಏನೂ ಮುಂದೆ ಸರಿಯದು. ಬೇಸಿಗೆಯಲ್ಲಿ ಒಂದು ಶುಭಾಶಯ ಪತ್ರ ಹಾಕಿ, ಸಾಕು.

ಆವಿಗೆಗೆ ಪಾತ್ರೆ ಜೋಡಿಸಲು ಹತ್ತು ದಿನ ಹಿಡಿಯಿತು. ಕೇಳಿಕೊಂಡರೆ ಈ ಹೊತ್ತಿನಲ್ಲಿ ಒಂದು ದಿನ ಬಂದು ನೋಡಲು ಬಿಡುತ್ತಾರೆ. ಬೆಂಕಿ ಹಾಕುವ ದಿನಕ್ಕಿಂತ ಇದೇ ನೋಡತಕ್ಕದ್ದು, ಏಕೆಂದರೆ ನಿಮ್ಮ ಪಾತ್ರೆಯ ಹಣೆಬರಹ ಬರೆಯುವುದು ಇಲ್ಲಿ. ಮೊದಲನೆಯ ಹೂದಾನಿ ಮುಂದಿನ ಕೋಣೆಯ ಎರಡನೇ ಹಲಗೆಯಲ್ಲಿ, ಉರಿಗೆ ಎದುರು. ಎರಡನೆಯದು ಉರಿಬಾಯಿಯ ಹತ್ತಿರದ ನೆಲದಲ್ಲಿ, ಕೆಂಡ ಬಂದು ಬೀಳುವ ಕಡೆ, ಮಲಗಿಸಿ. ಮೂರನೆಯದು ಹಿಂದಿನ ಕೋಣೆಯಲ್ಲಿ, ಹುಲ್ಲು ಸುತ್ತಿ, ದೊಡ್ಡ ಗಡಿಗೆಯೊಂದರ ಹೊಟ್ಟೆಯೊಳಗೆ. ಪಾತ್ರೆ ಪಾತ್ರೆಯ ನಡುವೆ ಬೆರಳು ಹೋಗುವಷ್ಟು ಜಾಗ ಬಿಟ್ಟು, ತಳಕ್ಕೆ ಉರಿ ತಡೆಯುವ ಮಣ್ಣಿನ ಸಣ್ಣ ಉಂಡೆ ಕೊಟ್ಟು ಕೂರಿಸುತ್ತಾರೆ. ಉರಿಯಲ್ಲಿ ಮಣ್ಣು ಮೆತ್ತಗಾಗಿ ಕೊಂಚ ವಾಲುತ್ತದೆ, ಆ ವಾಲುವ ದಿಕ್ಕನ್ನೂ ಮೊದಲೇ ಅಂದಾಜು ಮಾಡಿಟ್ಟಿರುತ್ತಾರೆ.

ಉಪ್ಪು, ಸಾಕೆ (ಅಕ್ಕಿಯ ಮದ್ಯ) ಇಟ್ಟು ಕೈಮುಗಿದು ಅಕ್ಟೋಬರ್ ಎರಡನೇ ವಾರ ಬೆಂಕಿ ಹಾಕಿದರು. ನಮ್ಮ ಕಡೆ ಕುಂಬಾರರ ಆವಿಗೆ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಇದು ಹನ್ನೆರಡು ದಿನ, ಹಗಲು ರಾತ್ರಿ, ಪಾಳಿ ಮೇಲೆ. ಈ ನಿಧಾನ ಬರಿಯ ಸಂಪ್ರದಾಯಕ್ಕಲ್ಲ. ಹಿಯೋಸೆ ಮಣ್ಣಿನೊಳಗಿನ ಸಸ್ಯಾಂಶ ಪೂರ್ತಿ ಸುಟ್ಟು ಹೊರಹೋಗಬೇಕು. ಅವಸರ ಮಾಡಿದರೆ ಹೊರಮೈ ಮೊದಲು ಕರಗಿ ಮುಚ್ಚಿಕೊಂಡು, ಒಳಗಿನ ಅನಿಲ ಗುಳ್ಳೆಗಳಾಗಿ ಉಬ್ಬುತ್ತದೆ. 573 ಡಿಗ್ರಿಯಲ್ಲಿ ಮಣ್ಣಿನ ಸ್ಫಟಿಕಶಿಲೆಯ ಕಣಗಳು ಒಮ್ಮೆಗೇ ಹಿಗ್ಗುತ್ತವೆ, ಅಲ್ಲಿ ಧಾವಿಸಿದರೆ ಸೀಳು. ಹೀಗಾಗಿ ಮೊದಲ ನಾಲ್ಕೈದು ದಿನ ಸಣ್ಣ ಉರಿ. ಆಮೇಲೆ ಕೆಂಪು ಪೈನ್ ಸೀಳುಗಳನ್ನು ಒಂದರ ಹಿಂದೊಂದು ಕೊಟ್ಟು 1200 ಡಿಗ್ರಿ ದಾಟಿಸಿ, ಅಲ್ಲೇ ದಿನಗಟ್ಟಲೆ ನಿಲ್ಲಿಸುತ್ತಾರೆ. ಬೂದಿ ಕರಗಿ ಇಳಿಯಲು ಆ ಕಾಲ ಬೇಕು. ಪೈನ್ ಮರದ ಅಂಟು ಉದ್ದನೆಯ ಜ್ವಾಲೆ ಕೊಡುತ್ತದೆ, ಹಿಂದಿನ ಸಾಲಿಗೂ ತಲುಪುತ್ತದೆ. ಕೊನೆಯಲ್ಲಿ ಪಕ್ಕದ ಕಿಂಡಿಗಳಿಂದ ಸೌದೆ. ಕೆಲವರು ಮುಗಿಸುವ ಹೊತ್ತಿಗೆ ಆ ಕಿಂಡಿಗಳಿಂದಲೇ ಇದ್ದಿಲು ಸುರಿದು ಸಂಗಿರಿ ಬಣ್ಣ ಬರಿಸುತ್ತಾರೆ. ಅದರಲ್ಲಿ ಮೋಸವೇನಿಲ್ಲ, ಆದರೆ ತಾನಾಗಿ ಕೆಂಡದಲ್ಲಿ ಹೂತು ಬಂದದ್ದಕ್ಕೂ ಇದಕ್ಕೂ ಬೆಲೆಯಲ್ಲಿ ಅಂತರವಿದೆ. ಅಂಗಡಿಯಲ್ಲಿ ಕೊಳ್ಳುವವರು “ಇದು ಇದ್ದಿಲ ಸಂಗಿರಿಯೋ?” ಎಂದು ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಹಾಗೆಯೇ ಕೆಂಪು ಗೆರೆಯ ಹಿದಾಸುಕಿ ಈಗ ಗ್ಯಾಸ್, ವಿದ್ಯುತ್ ಆವಿಗೆಗಳಲ್ಲೂ ಆಗುತ್ತದೆ. ಸೌದೆಯದೋ ಅಲ್ಲವೋ ಎಂದು ಕೇಳಿ ತಿಳಿದೇ ದುಡ್ಡು ಕೊಡಿ.

ನೋಡಲು ಹೋಗುವವರು ಹತ್ತಿ ಬಟ್ಟೆ ತೊಡಿ. ಸಿಂಥೆಟಿಕ್ ಜಾಕೆಟ್ಟಿಗೆ ಒಂದು ಕಿಡಿ ಸಾಕು. ರಾತ್ರಿ ಪಾಳಿಯವರಿಗೆ ಕುಡಿಯಲು, ತಿನ್ನಲು ಏನಾದರೂ ಒಯ್ದರೆ ಒಳ್ಳೆಯದು. ಸೌದೆ ಹಾಕುವವರನ್ನು ಮಾತಾಡಿಸಬೇಡಿ, ಅವರು ಉರಿಯ ಸದ್ದು ಕೇಳುತ್ತಿರುತ್ತಾರೆ.

ಕಿಂಡಿಗಳನ್ನೆಲ್ಲ ಮಣ್ಣಿನಿಂದ ಮೆತ್ತಿ ಮುಚ್ಚಿದ ಮೇಲೆ ಆರಲು ಒಂದು ವಾರವೆಂದಿದ್ದರು. ನಾನು ರಜೆ ಹಾಕಿ ರೈಲು ಟಿಕೆಟ್ ತೆಗೆದೆ. ಏಳನೇ ದಿನ ಫೋನು ಬಂತು: ಒಳಗೆ ಇನ್ನೂ ಕಾವಿದೆ, ಬರಬೇಡಿ. ಬಿಸಿ ಪಾತ್ರೆಗೆ ತಣ್ಣನೆ ಗಾಳಿ ತಾಗಿದರೆ ಟಿಣ್ ಎಂದು ಸೀಳುತ್ತದೆ, ಇಷ್ಟು ತಿಂಗಳ ಕೆಲಸ ಒಂದು ಸದ್ದಿಗೆ ಮುಗಿಯುತ್ತದೆ. ಮತ್ತೆ ನಾಲ್ಕು ದಿನ ಕಾದರು. ಆವಿಗೆ ತೆರೆಯುವ ದಿನಕ್ಕೆ ಬದಲಿಸಲಾಗದ ಟಿಕೆಟ್ ಮಾಡಿಸಬೇಡಿ.

ನವೆಂಬರಿನಲ್ಲಿ ತೆರೆದಾಗ ಮೂರು ಹೂದಾನಿ ಮೂರು ಊರಿನವಂತೆ ಇದ್ದವು. ಹಿಂದಿನ ಕೋಣೆಯದರ ಮೇಲೆ ಕೆಂಪು ಗೆರೆ ಚೆಂದ ಮೂಡಿತ್ತು, ಆದರೆ ಒಂದು ಕಿವಿಯ ಬುಡದಲ್ಲಿ ಕೂದಲಿನಂಥ ಬಿರುಕು. ನೆಲದಲ್ಲಿ ಮಲಗಿದ್ದದಕ್ಕೆ ಪಕ್ಕದ ಬಟ್ಟಲೊಂದು ಅಂಟಿಕೊಂಡು, ಬಿಡಿಸುವಾಗ ಉಗುರಿನಷ್ಟು ಚಕ್ಕೆ ಹೋಯಿತು. ಮೈ ತುಂಬ ಕಪ್ಪು ನೀಲಿ, ಅಲ್ಲಲ್ಲಿ ಒರಟು ಕೆಂಡದ ಸುಟ್ಟ ಗುರುತು. ಸೆನ್ಸೇ ಅದರ ಮುಂದೆಯೇ ಬಹಳ ಹೊತ್ತು ಕೂತಿದ್ದರು, ಅವರಿಗೆ ಹಿಡಿಸಿದ್ದು ಅದೇ. ನಾನು ಆರಿಸಿದ್ದು ಮುಂದಿನ ಹಲಗೆಯದನ್ನು: ಹೆಗಲಿನಿಂದ ಕರಗಿದ ಬೂದಿ ಎರಡು ಹನಿಯಾಗಿ ಹೊಟ್ಟೆಯವರೆಗೆ ಇಳಿದಿದೆ, ಬೆನ್ನು ಬರಿಯ ಕಂದು. ಹೀಗೆ ಇಳಿದ ಹನಿಗೆ ‘ತಮಾದರೆ’ ಎನ್ನುತ್ತಾರೆ. ಕರಗದೆ ಒರಟಾಗಿ ಉಳಿದ ಬೂದಿ ‘ಕಾಸೆಗೋಮಾ’. ಅದನ್ನು ಕೊಳೆ ಎಂದು ತಿಕ್ಕಿ ತೆಗೆಯಲು ಹೋಗಬೇಡಿ.

ಆರಿಸುವಾಗ ನೋಡಬೇಕಾದ್ದು ಬಣ್ಣಕ್ಕಿಂತ ಮೊದಲು ಬೇರೆ ಇದೆ. ಸಮತಟ್ಟಾದ ಹಲಗೆಯ ಮೇಲಿಟ್ಟು ಅಲುಗಾಡುತ್ತದೆಯೇ ನೋಡಿ. ತುಸು ಅಲುಗಿದರೆ ತಳ ಉಜ್ಜಿ ಕೊಡುತ್ತಾರೆ. ಸಂತೆಯಲ್ಲಿ ಮಡಕೆ ತಟ್ಟುವ ಹಾಗೆ ಬೆರಳ ಗೆಣ್ಣಿನಿಂದ ತಟ್ಟಿ: ಚೆನ್ನಾಗಿ ಬೆಂದದ್ದು ಲೋಹದಂತೆ ಕಣ್ ಎನ್ನುತ್ತದೆ, ಬಿರುಕಿದ್ದರೆ ದಪ್ಪ ಸದ್ದು. ಕಲ್ಲಿನ ಕಣ ಸಿಡಿದು ಆದ ಗುಳಿಯನ್ನು ದೋಷವೆಂದು ಎಣಿಸುವುದಿಲ್ಲ, ಅದು ಹಿಡಿಸಿದರೆ ಸೊಗಸು. ಆಮೇಲೆ ನೀರು. ಕುತ್ತಿಗೆವರೆಗೆ ತುಂಬಿ ಹಳೆ ಪತ್ರಿಕೆಯ ಮೇಲೆ ಒಂದು ದಿನ ಬಿಡಬೇಕು. ನನ್ನದು ಮಾರನೆಯ ಬೆಳಿಗ್ಗೆ ಪತ್ರಿಕೆಯ ಮೇಲೆ ನಾಣ್ಯದಷ್ಟು ಒದ್ದೆ ಬಿಟ್ಟಿತ್ತು. ಎದೆ ಧಸಕ್ಕೆಂದಿತು. ಮೆರುಗಿಲ್ಲದ ಪಾತ್ರೆಗೆ ಇದು ಮಾಮೂಲು ಎಂದು ಅಕ್ಕಚ್ಚು ಕುದಿಸಿ, ಬೆಚ್ಚಗಿರುವಾಗ ಒಳಗೆ ತುಂಬಿ ರಾತ್ರಿಯಿಡೀ ಬಿಟ್ಟರು. ಅಕ್ಕಿಯ ಗಂಜಿಯಂಶ ಸಣ್ಣ ರಂಧ್ರಗಳನ್ನು ತುಂಬುತ್ತದೆ. ಎರಡು ಸಲ ಮಾಡಿದ ಮೇಲೆ ನಿಂತಿತು. ಹಾಗೂ ನಿಲ್ಲದಿದ್ದರೆ ಸಿಲಿಕೋನ್ ದ್ರವ ಇದೆ, ಇಲ್ಲವೇ ಒಳಗೆ ಇಳಿಬಿಡುವ ಕೊಳವೆ. ಬಿರುಕಿನಿಂದ ಹನಿ ಜಿನುಗುವುದು ಮಾತ್ರ ಬೇರೆ, ಅದಕ್ಕೆ ಅಕ್ಕಚ್ಚಿನ ಮದ್ದಿಲ್ಲ.

ಆರಿಸಿದ ದಿನವೇ ಕೊಂಡುಹೋಗಬಹುದೆಂದುಕೊಂಡಿದ್ದೆ. ಪೆಟ್ಟಿಗೆ ಬಂದಿರಲಿಲ್ಲ, ಬರುವುದೂ ಸಾಧ್ಯವಿರಲಿಲ್ಲ. ‘ತೊಮೊಬಾಕೊ’ ಎಂದರೆ ತಯಾರಕರೇ ತಮ್ಮ ಕೈಯಿಂದ ಬರೆದುಕೊಡುವ ‘ಕಿರಿ’ (ಪಾಲೋನಿಯಾ) ಮರದ ಪೆಟ್ಟಿಗೆ. ಮುಚ್ಚಳದ ಮೇಲೆ ಮಸಿಯಲ್ಲಿ ‘ಬಿಜೆನ್ ಹನಾಇರೆ’, ಅವರ ಹೆಸರು, ಕೆಂಪು ಮುದ್ರೆ. ಪಾತ್ರೆ ಎಷ್ಟು ಕುಗ್ಗಿತು, ಎತ್ತ ವಾಲಿತು ಎಂಬುದು ಸುಟ್ಟ ಮೇಲಷ್ಟೇ ಗೊತ್ತಾಗುವುದರಿಂದ ಪೆಟ್ಟಿಗೆಯ ಅಳತೆ ತೆಗೆಯುವುದೂ ಆಮೇಲೆಯೇ. ಆವಿಗೆ ತೆಗೆದ ಕುಂಬಾರರೆಲ್ಲ ಒಟ್ಟಿಗೆ ಪೆಟ್ಟಿಗೆಯವರ ಬಳಿ ಹೋಗುತ್ತಾರೆ, ಐದು ವಾರ ಕಾದೆ. ಪೆಟ್ಟಿಗೆ ಬೇಡವೆಂದು ದುಡ್ಡು ಉಳಿಸುವ ಆಸೆ ಬರುತ್ತದೆ. ಬೇಡ. ಜಪಾನಿನಲ್ಲಿ ಪೆಟ್ಟಿಗೆಯೇ ಪ್ರಮಾಣಪತ್ರ. ತಳದ ಗುರುತನ್ನು ಯಾರು ಬೇಕಾದರೂ ಕೊರೆಯಬಹುದು. ಬೇರೆಯದರ ಪೆಟ್ಟಿಗೆ ಕೂಡಿಸಿ ಮಾರುವುದೂ ಇದೆ, ಹಳತು ಕೊಳ್ಳುವವರು ಮುಚ್ಚಳದ ಬರಹ, ಪಾತ್ರೆಯ ಬಗೆ, ಒಳಗಿನ ಜಾಗ ಮೂರೂ ಹೊಂದುತ್ತವೆಯೇ ನೋಡಬೇಕು. ಪೆಟ್ಟಿಗೆಯೊಳಗೆ ಹಳದಿ ಬಟ್ಟೆಯೊಂದಿತ್ತು. ಅದಕ್ಕೆ ಅರಿಶಿನದ ಬಣ್ಣ, ಹುಳ ಬರದಿರಲೆಂದು. ಜೊತೆಗೆ ತಯಾರಕರ ಪರಿಚಯದ ಒಂದು ಹಾಳೆ, ಎಸೆಯಬೇಡಿ.

ಖರ್ಚು: ಹೂದಾನಿಗೆ ತೆರಿಗೆ ಸೇರಿ 77,000 ಯೆನ್, ಪೆಟ್ಟಿಗೆಗೆ 6,600. ಬೆಲೆ ಹೇಳುವಾಗ ಶೇಕಡಾ 10ರ ಬಳಕೆ ತೆರಿಗೆ ಒಳಗೋ ಹೊರಗೋ ಕೇಳಿ. ಆವಿಗೆಯ ಮನೆಗಳಲ್ಲಿ ಕಾರ್ಡು ನಡೆಯುವುದು ಕಡಿಮೆ, ನಗದು ಇಲ್ಲವೇ ಬ್ಯಾಂಕಿಗೆ ಹಾಕಬೇಕು. ಪ್ರವಾಸಿಗರಿಗೆ ತೆರಿಗೆ ವಿನಾಯಿತಿ ಅದಕ್ಕೆ ನೋಂದಾಯಿಸಿದ ಅಂಗಡಿಗಳಲ್ಲಿ ಮಾತ್ರ. ಚೌಕಾಸಿ ಇಲ್ಲ. ಅಕ್ಟೋಬರಿನ ಬಿಜೆನ್ ಉತ್ಸವದಲ್ಲಿ ಅಂಗಡಿಗಳೇ ಬೆಲೆ ಇಳಿಸುತ್ತವೆ, ಆದರೆ ಹೇಳಿ ಮಾಡಿಸಿದ್ದಕ್ಕೆ ಅದು ಹೊಂದುವುದಿಲ್ಲ.

ಊರಿಗೆ ತರುವಾಗ ಅಂಚೆಗಿಂತ ಕೈಯಲ್ಲಿ ತರುವುದನ್ನೇ ಆರಿಸಿದೆ. ಪೆಟ್ಟಿಗೆ ಕ್ಯಾಬಿನ್ ಚೀಲದ ಅಳತೆಯೊಳಗೆ ಬರುತ್ತದೆ, ತೂಕವೂ 7 ಕಿಲೊಗೆ ಎಷ್ಟೋ ಕಡಿಮೆ. ಹೂದಾನಿಯ ಹೊಟ್ಟೆಯೊಳಗೆ ಕಾಗದ ಗಿಡಿದು ತುಂಬಬೇಡಿ, ತೆಗೆಯುವಾಗ ಕುತ್ತಿಗೆಗೆ ಒತ್ತಡ ಬೀಳುತ್ತದೆ. ಕಿವಿಗಳ ಕೆಳಗಿನ ಪೊಳ್ಳಿಗೆ ಮೆತ್ತನೆ ಕಾಗದ ಕೊಟ್ಟರೆ ಸಾಕು. ಅಂಚೆಗೆ ಹಾಕುವವರು ಎರಡು ರಟ್ಟಿನ ಪೆಟ್ಟಿಗೆ ಬಳಸಿ, ನಡುವೆ ಸುತ್ತಲೂ ಐದು ಸೆಂಟಿಮೀಟರ್ ಮೆತ್ತೆ. ಹುಲ್ಲು ತುಂಬಬೇಡಿ, ಸಸ್ಯ ತಪಾಸಣೆಯಲ್ಲಿ ತಕರಾರು. ಅಂಚೆಯ ಶೀಘ್ರ ಸೇವೆ ಇಎಂಎಸ್‌ನಲ್ಲಿ 20,000 ಯೆನ್‌ವರೆಗಿನ ಪರಿಹಾರ ಸೇರಿಯೇ ಇರುತ್ತದೆ. ಅದಕ್ಕೆ ಮೇಲಿನದಕ್ಕೆ ಹೆಚ್ಚಿನ ಶುಲ್ಕ ಕಟ್ಟಿ ಬೆಲೆ ಬರೆಸಬೇಕು.

ಭದ್ರತಾ ತಪಾಸಣೆಯಲ್ಲಿ ಪೆಟ್ಟಿಗೆ ಬಿಚ್ಚಿಸಿದರು. ಅದರ ಚಪ್ಪಟೆ ಹೆಣಿಗೆದಾರದ ಗಂಟು ಕಟ್ಟುವುದನ್ನು ಕಲಿಯದೆ ಹೊರಟಿದ್ದೆ, ಮತ್ತೆ ಕಟ್ಟಲಾಗದೆ ಸಾಲಿನಲ್ಲಿದ್ದವರ ಶಾಪ ತಿಂದೆ. ಬಿಚ್ಚುವ ಮುನ್ನ ಒಂದು ಫೋಟೊ ತೆಗೆದುಕೊಳ್ಳಿ. ಇಳಿದ ಮೇಲೆ ಬಂದ ಪ್ರಶ್ನೆ ಸುಂಕಕ್ಕಿಂತ ವಿಚಿತ್ರ: “ಇದು ಹಳೆಯ ಕಾಲದ್ದಾ? ಎಲ್ಲಿ ಅಗೆದಿದ್ದು?” ಬಿಜೆನ್ ಪಾತ್ರೆ ನಿನ್ನೆ ಆವಿಗೆಯಿಂದ ಬಂದರೂ ಮಣ್ಣೊಳಗಿಂದ ತೆಗೆದಂತೆ ಕಾಣುತ್ತದೆ. ಕುಂಬಾರರಿಂದ ಇಂಗ್ಲಿಷಿನಲ್ಲಿ ಬರೆಸಿಕೊಂಡಿದ್ದ ರಸೀದಿ, ಅದರಲ್ಲಿ ‘ಹೊಸದು’ ಎಂಬ ಮಾತು ಮತ್ತು ಸುಟ್ಟ ವರ್ಷ, ಅಲ್ಲಿ ಕೈಹಿಡಿಯಿತು. ಸುಂಕರಹಿತ ಮಿತಿ ಬದಲಾಗುತ್ತಿರುತ್ತದೆ, ಹೊರಡುವ ವಾರ ನೋಡಿಕೊಂಡು ಮೀರಿದರೆ ಘೋಷಿಸಿ. ರಸೀದಿಯನ್ನು ಆಮೇಲೂ ಪೆಟ್ಟಿಗೆಯೊಳಗೇ ಇಡಿ. ಭಾರತದಿಂದ ನೂರು ವರ್ಷಕ್ಕೆ ಮೀರಿದ ಕಲಾವಸ್ತು ಹೊರಗೊಯ್ಯುವುದಕ್ಕೆ ಕಾನೂನಿನ ತಡೆ ಇರುವುದರಿಂದ, ಮುಂದೆಂದಾದರೂ ಮತ್ತೆ ವಿಮಾನ ಹತ್ತಿಸಬೇಕಾದರೆ ಅದೇ ಪ್ರಶ್ನೆ ಎದುರಾಗಬಹುದು.

ಮನೆಯಲ್ಲಿ ಮೊದಲು ಮಾಡುವ ಕೆಲಸ ತಳವನ್ನು ನೀರಲ್ಲಿ ಅದ್ದಿದ ಉಪ್ಪುಕಾಗದದಿಂದ (ಸ್ಯಾಂಡ್‌ಪೇಪರ್) ಉಜ್ಜುವುದು, ಇಲ್ಲದಿದ್ದರೆ ಮೇಜು ಗೀಚುತ್ತದೆ. ಹೂ ಇಡುವ ಮುನ್ನ ಅರ್ಧ ಗಂಟೆ ನೀರಲ್ಲಿ ಮುಳುಗಿಸಿ ಒರೆಸಿದರೆ ಬೂದಿಯ ಬಣ್ಣ ಎದ್ದು ಕಾಣುತ್ತದೆ, ಹೊರಮೈಗೆ ಬೀಳುವ ನೀರಿನ ಕಲೆಯೂ ಕಡಿಮೆ. ಹೂ ತೆಗೆದ ಮೇಲೆ ಬೋರಲು ಹಾಕಿ ಎರಡು ಮೂರು ದಿನ ಒಣಗಲು ಬಿಡಬೇಕು, ಮಳೆಗಾಲದಲ್ಲಿ ಒಂದು ವಾರ. ಒಳಗೆ ತೇವ ಉಳಿದಿದ್ದು ಪೆಟ್ಟಿಗೆಗೆ ಹಾಕಿದರೆ ಬೂಷ್ಟು ಹಿಡಿದು ವಾಸನೆ ಬರುತ್ತದೆ, ಅರಿಶಿನದ ಬಟ್ಟೆ ಬಣ್ಣ ಬಿಟ್ಟು ಹೂದಾನಿಯ ಮೈಗೂ ಹತ್ತುತ್ತದೆ.